ಮೊದಲನೇ ಕಿವಿ

ತಾನು ಯಾರ ಮಾತಿಗೂ ಅಡ್ಡ ಬಾಯಿ ಹಾಕುವವನಲ್ಲ ಎಂದು ಅವನಿಗೆ ಒಳಗೊಳಗೇ ಒಂದು ಹೆಮ್ಮೆಯಿತ್ತು. ಆ ಹೆಮ್ಮೆಗೆ ಇವತ್ತು ಬೆಳಿಗ್ಗೆ, ವಿಭಾಗದಲ್ಲಿ ‘ಎರಡನೇ ಕಿವಿ’ ಎಂದು ಕರೆಸಿಕೊಳ್ಳುವ ಸಹೋದ್ಯೋಗಿ ಸೂಜಿ ಚುಚ್ಚಿಬಿಟ್ಟಿದ್ದಳು. ಮಧ್ಯಾಹ್ನದ ಊಟಕ್ಕೆಂದು ವಿಭಾಗದ ಮೆಟ್ಟಿಲಿಳಿದು ಮನೆಯ ಕಡೆ ನಡೆಯುವಾಗ ಅದರ ಗಾಳಿ ಇನ್ನೂ ಸುಯ್ಯೆಂದು ಹೋಗುತ್ತಲೇ ಇದೆ ಅನಿಸುತ್ತಿತ್ತು. ಬಿಸಿಲು ಹಿತವಾಗಿತ್ತು. ಹಿತವಾಗಿದ್ದದ್ದೇ ಅವನಿಗೆ ಸಿಟ್ಟು ತರಿಸಿತು. ಇಂಥ ದಿನ ಮರ್ಯಾದೆಗಾದರೂ ಸ್ವಲ್ಪ ಮೋಡ ಇರಬಾರದೆ. ಬಸ್ ನಿಲ್ದಾಣದಲ್ಲಿ ಇಬ್ಬರು ಹುಡುಗಿಯರು ಒಬ್ಬಳ ಮಾತಿನ ಮೇಲೆ ಒಬ್ಬಳು ಮಾತು ಹಾಕುತ್ತ ನಿಂತಿದ್ದರು. ಪ್ಯಾಂಟಿನ ಜೇಬಿನೊಳಗೆ ಅವನ ತೋರುಬೆರಳು, ಕೆಲಸದ ಕೀ ಒತ್ತುವ ಹಾಗೆ, ತಾನಾಗಿ ತೊಡೆಯನ್ನು ಒತ್ತಿತು. ಕೆಂಪು. ಮತ್ತೆ ಕೆಂಪು. ಒತ್ತಿದ್ದು ಗೊತ್ತಾಗಿ ಕೈಯನ್ನು ಹೊರಗೆಳೆದುಕೊಂಡ, ಬೇರೆ ಯಾರದೋ ಕೈ ತನ್ನ ಜೇಬಿನಲ್ಲಿ ಸಿಕ್ಕಿಬಿದ್ದ ಹಾಗೆ.

ಅವನ ಕೆಲಸ ಕೇಳುವುದು. ಮನಶ್ಶಾಸ್ತ್ರ ವಿಭಾಗದಲ್ಲಿ ಮೇಡಂ ನಡೆಸುತ್ತಿದ್ದ ಸಂಶೋಧನೆ ಹೆಣ್ಣು ಗಂಡು ಮಾತಾಡುವ ರೀತಿಯದು. ಗಂಡ ಹೆಂಡತಿ, ಅಣ್ಣ ತಂಗಿ, ಓರಗಿತ್ತಿಯರು, ಒಂದೇ ಆಫೀಸಿನ ಗೆಳೆಯರು, ಹೀಗೆ ಜೋಡಿ ಜೋಡಿಯಾಗಿ ಜನರನ್ನು ಕರೆಸಿ, ಒಂದು ಕೋಣೆಯಲ್ಲಿ ಕೂರಿಸಿ, ಹಲಗೆ ತಿರುಪುಗಳ ಪೆಟ್ಟಿಗೆ ಕೊಟ್ಟು, ಇಬ್ಬರೂ ಸೇರಿ ಒಂದು ಪುಸ್ತಕದ ಸ್ಟ್ಯಾಂಡ್ ಮಾಡಿ ಎನ್ನುತ್ತಿದ್ದರು. ಸ್ಟ್ಯಾಂಡ್ ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಅದನ್ನು ಜೋಡಿಸುವಾಗ ಅವರಾಡುವ ಮಾತು. ರೆಕಾರ್ಡ್ ಆಗುತ್ತಿದೆ ಎಂದು ಅವರಿಗೂ ಗೊತ್ತಿರುತ್ತಿತ್ತು, ಮೊದಲ ಹಲಗೆ ತಲೆಕೆಳಗಾದ ಕೂಡಲೇ ಮರೆತೂ ಹೋಗುತ್ತಿತ್ತು. ಆಮೇಲೆ ಅದೇ ಧ್ವನಿಯನ್ನು ಇಬ್ಬರು, ಬೇರೆ ಬೇರೆ ಕೋಣೆಗಳಲ್ಲಿ, ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು ಬಿದ್ದ ಕಡೆಯೆಲ್ಲ ಗುರುತು ಹಾಕಬೇಕು. ಬಿದ್ದ ಮಾತು ಮೊದಲಿನವರ ಮಾತನ್ನು ಕಸಿದುಕೊಂಡರೆ ಅದು ‘ಅಡ್ಡ’. ಅದಕ್ಕೆ ಕೆಂಪು ಚೀಟಿ ಅಂಟಿಸಿದ ಕೀ. ಕಸಿಯದೆ ಕೈಗೂಡಿಸಿದರೆ ‘ಜೊತೆ’, ಅದಕ್ಕೆ ಹಸಿರು. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಹಾಕಿದ ಗುರುತುಗಳು ಹೆಚ್ಚುಕಡಿಮೆ ಹೊಂದಿದರೆ ಮಾತ್ರ ಸಂಶೋಧನೆಗೆ ಬೆಲೆ. ಮೇಡಂ ಅವನನ್ನು ಮೊದಲನೇ ಕಿವಿ ಎಂದೂ, ಆಮೇಲೆ ಸೇರಿದ ಅವಳನ್ನು ಎರಡನೇ ಕಿವಿ ಎಂದೂ ಕರೆದರು. ವಿಭಾಗದಲ್ಲಿ ಅದೇ ಹೆಸರಾಯಿತು. ಮೊದಲು ಬಂದವನು ತಾನು ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲವೆಂದು ಗೊತ್ತಿದ್ದರೂ ‘ಮೊದಲನೇ’ ಎಂಬುದರಲ್ಲಿ ಅವನಿಗೊಂದು ಸಣ್ಣ ಸುಖವಿತ್ತು. ಗಂಡಸರು ಹೆಂಗಸರ ಮಾತನ್ನು ಹೇಗೆ ತುಂಡರಿಸುತ್ತಾರೆ ಎಂದು ತೋರಿಸಿಕೊಡುವ ಕೆಲಸದಲ್ಲಿ, ತುಂಡರಿಸದ ಗಂಡಸೊಬ್ಬ ಇರುವುದು ಒಂದು ನ್ಯಾಯ ಎಂದೇ ಅವನು ತಿಳಿದಿದ್ದ.

ಬೆಳಿಗ್ಗೆ ಮೇಡಂ ಮೊಟ್ಟಮೊದಲ ಸಲ ಇಬ್ಬರ ಗುರುತುಗಳನ್ನೂ ಒಂದೇ ಪರದೆಯ ಮೇಲೆ ಬಿಡಿಸಿಟ್ಟಿದ್ದರು. ಮೇಲಿನ ಸಾಲು ಅವನದು, ಕೆಳಗಿನದು ಅವಳದು. ಗಂಡ ಹೆಂಡಿರ ಜೋಡಿಗಳಲ್ಲಿ ಎರಡೂ ಸಾಲು ಅಕ್ಕತಂಗಿಯರ ಹಾಗೆ ಹೊಂದಿಕೊಂಡು ಹೋದವು. ಓರಗಿತ್ತಿಯರ ಜೋಡಿ ಬಂದಾಗ ಅವನ ಸಾಲು ಒಂದೇ ಸಮ ಕೆಂಪಾಗಿ, ಅವಳ ಸಾಲು ಪೂರ್ತಿ ಹಸಿರಾಗಿ ನಿಂತಿತು.

“ಏನಿದು, ಕೆಂಪು ಹಾಸು ಹಾಸಿಬಿಟ್ಟಿದೀರ,” ಎಂದಳು ಎರಡನೇ ಕಿವಿ. “ಮಂತ್ರಿಗಳು ಯಾರಾದ್ರೂ ಬರ್ತಿದಾರಾ?”

“ಅವರು ಒಬ್ಬರಿಗೊಬ್ಬರು ಮಾತಾಡೋಕೇ ಬಿಡ್ತಿಲ್ಲ.”

“ಬಿಡದೆ ಇದ್ರೆ ಸ್ಟ್ಯಾಂಡ್ ಹೇಗೆ ನಿಂತ್ಕೊಳ್ತು? ಎಲ್ಲರಿಗಿಂತ ಬೇಗ ಮುಗಿಸಿದ್ದು ಅವರೇ.”

“ಅದು ಬೇರೆ ವಿಷಯ.”

“ಸರಿ, ಇದನ್ನ ಕೇಳಿ.” ಅವಳು ಇನ್ನೊಂದು ಜೋಡಿಯ ರೆಕಾರ್ಡನ್ನು ಹಚ್ಚಿದಳು. ಒಂದೇ ಆಫೀಸಿನ ಇಬ್ಬರು ಗಂಡಸರು, ಸ್ಟ್ಯಾಂಡಿಗೆ ಕಾಲು ಎಷ್ಟು ಎಂಬುದರ ಮೇಲೆ ಒಟ್ಟಿಗೇ ಕೂಗಾಡುತ್ತಿದ್ದರು. “ಇವನು ಅವನ ಮಾತನ್ನ ಕಿತ್ಕೊಂಡು ಓಡಿಹೋಗ್ತಿದಾನೆ, ನೀವು ಹಸಿರು ಬಾವುಟ ತೋರಿಸ್ತಿದೀರ.”

“ಅದು ತಮಾಷೆ. ಅವರು ಗೆಳೆಯರು.”

ಅವಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡಳು. “ಗಂಡಸರಿಬ್ಬರು ಒಟ್ಟಿಗೆ ಕೂಗಿದ್ರೆ ನಿಮ್ಮ ಕಿವಿಗೆ ಸ್ನೇಹ. ಹೆಂಗಸರಿಬ್ಬರು ಒಟ್ಟಿಗೆ ಮಾತಾಡಿದ್ರೆ ಜಗಳ. ಬೇಕಾದ್ರೆ ಉಳಿದ ಜೋಡಿಗಳನ್ನೂ ನೋಡಿ.”

ಅದನ್ನು ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಮೂಗಿನ ಮೇಲೆ ಮಸಿ ಅಂಟಿದೆ ಎಂದು ಹೇಳುವ ಹಾಗೆ ಹೇಳಿದ್ದಳು, ಅದಕ್ಕೇ ತಡೆಯಲಾಗಲಿಲ್ಲ. ಅವನು ಎಂದಿನಂತೆ ಅವಳ ಮಾತು ಮುಗಿಯಲೆಂದು ಕಾದ. ಅದು ಮುಗಿದೇ ಹೋಗಿತ್ತು. ಉಳಿದ ಜೋಡಿಗಳನ್ನು ನೋಡಿದರು. ತಾಯಿ ಮಗಳು, ಕೆಂಪು. ನರ್ಸುಗಳಿಬ್ಬರು, ಕೆಂಪು. ಮಾವ ಅಳಿಯ ಒಬ್ಬರ ಬಾಯಿಂದ ಒಬ್ಬರು ಮಾತು ಕಿತ್ತುಕೊಂಡಲ್ಲೆಲ್ಲ ಹಸಿರು ಗದ್ದೆ. ಮೇಡಂ ಮಾತ್ರ ಬೈಯಲಿಲ್ಲ. “ಊಟ ಆದ್ಮೇಲೆ ಮೂವರೂ ಕೂತು ಮಾತಾಡೋಣ. ಇದಕ್ಕೇನಾದ್ರೂ ಕಾರಣ ಸಿಗದೆ ಹೋದ್ರೆ, ನೋಡಪ್ಪ, ನಿನ್ನ ಒಂದು ಗುರುತನ್ನೂ ಇಟ್ಕೊಳ್ಳೋಕಾಗಲ್ಲ,” ಎಂದು ಹೇಳಿ ಅವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು ಹೋದರು. ಒಂದೂವರೆ ವರ್ಷ ಕೇಳಿದ್ದೆಲ್ಲ ಆ ಕೈಯ ಭಾರಕ್ಕೆ ಕುಸಿದ ಹಾಗಾಯಿತು.

ಕಾರಣ ಸಿಕ್ಕಿತ್ತು. ಹಣ್ಣಿನಂಗಡಿಯ ತಿರುವಿನಲ್ಲೇ ಸಿಕ್ಕಿತ್ತು. ಹೆಂಗಸರ ಧ್ವನಿಗಳು ಎತ್ತರದಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಆ ಕೋಣೆಯ ಮೈಕು ಹಳೆಯದು, ಯಾರು ಎಲ್ಲಿ ನಿಲ್ಲಿಸಿದರು ಎಂಬುದು ಸ್ಪಷ್ಟವಿಲ್ಲ. ಆದ್ದರಿಂದ ಹೆಂಗಸರು ಹೆಂಗಸರ ಜೋಡಿಗಳನ್ನೆಲ್ಲ ಬಿಟ್ಟು ಮಿಕ್ಕವುಗಳನ್ನು ಉಳಿಸಿಕೊಳ್ಳೋಣ ಎನ್ನಬಹುದು. ಮೇಡಂ ಒಪ್ಪಿದರೂ ಒಪ್ಪಿಯಾರು. ಹೇಳಿಕೆಯ ವಾಕ್ಯಗಳನ್ನು ಅವನು ಮನಸ್ಸಿನಲ್ಲೇ ಜೋಡಿಸುತ್ತ ನಡೆದ. ಅವು ಚೆನ್ನಾಗಿಯೇ ಕೂಡಿಕೊಂಡವು. ಪ್ರತಿ ವಾಕ್ಯಕ್ಕೂ ಒಂದು ತಲೆ ಒಂದು ಬಾಲ, ಯಾರೂ ಮಧ್ಯೆ ಬಾಯಿ ಹಾಕುವವರಿಲ್ಲ. ಅಪ್ಪ ಹೀಗೇ ಮಾತಾಡುತ್ತಿದ್ದ. ಊಟಕ್ಕೆ ಕೂತ ಅಪ್ಪ ಒಂದು ಮಾತು ಶುರುಮಾಡಿದರೆ ಪಾತ್ರೆಯಲ್ಲಿ ಸೌಟು ಕೂಡ ಸದ್ದು ಮಾಡದೆ ನಿಲ್ಲುತ್ತಿತ್ತು. ಅಪ್ಪ ಮುಗಿಸಿ, ನೀರು ಕುಡಿದು, ‘ಹೂಂ, ನೀನೇನೋ ಹೇಳ್ತಿದ್ದೆ’ ಎಂದು ಅಮ್ಮನ ಕಡೆ ತಿರುಗಿದರೆ ಅಮ್ಮ, ‘ಏನಿಲ್ಲ, ಮರೆತೋಯ್ತು’ ಎನ್ನುತ್ತಿದ್ದಳು. ಅಪ್ಪ ಯಾರ ಮಾತನ್ನೂ ತುಂಡರಿಸಿದ್ದನ್ನು ಅವನು ಕಂಡಿರಲಿಲ್ಲ. ಎಂಥ ಸಭ್ಯ ಮನೆ ತಮ್ಮದು ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳಿದ್ದ, ಒಬ್ಬರಾದ ಮೇಲೆ ಒಬ್ಬರು, ಸರದಿಯಲ್ಲಿ ನಿಂತ ಹಾಗೆ. ಆಗ ಅವಳು ಅವನ ಹಲ್ಲನ್ನೇ ನೋಡುತ್ತ ಕೂತಿದ್ದಳು. ಕಟ್ಟಿಸಿದ ಹಲ್ಲು ತಯಾರಿಸುವ ವರ್ಕ್‌ಶಾಪಿನಲ್ಲಿ ಅವಳ ಕೆಲಸ. ಯಾರು ಮಾತಾಡಿದರೂ ಮಾತಿಗಿಂತ ಮೊದಲು ಹಲ್ಲು ನೋಡುವ ಅಭ್ಯಾಸ. ಹಾಗಾಗಿ ಅವಳು ಏನೂ ಹೇಳದೆ ಇದ್ದದ್ದು ತನ್ನ ಮಾತಿಗೋ ಹಲ್ಲಿಗೋ ಎಂದು ಅವನಿಗೆ ಕೊನೆಗೂ ತಿಳಿದಿರಲಿಲ್ಲ.

ಮನೆಯ ಬಾಗಿಲು ತೆರೆದೇ ಇತ್ತು. ಇವತ್ತು ಹೆಂಡತಿಗೆ ಅರ್ಧ ದಿನ ರಜೆ. ಪಕ್ಕದ ಬೀದಿಯಲ್ಲಿರುವ ಅಕ್ಕನೂ ಬಂದಿದ್ದಳು; ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು, ಮಧ್ಯಾಹ್ನ ಶಿಷ್ಯರಿಲ್ಲದಾಗ ಇಲ್ಲಿಗೆ ಬಂದು ಇವರಿಗೆ ಕಲಿಸುತ್ತಿದ್ದಳು. ಹೆಂಡತಿ ಸ್ಟೂಲಿನ ಮೇಲೆ ನಿಂತು ಕಿಟಕಿಗೆ ಪರದೆ ಕಟ್ಟುತ್ತಿದ್ದಳು, ಅಕ್ಕ ಸರಳಿನ ಇನ್ನೊಂದು ತುದಿ ಹಿಡಿದಿದ್ದಳು, ಅಮ್ಮ ಕುರ್ಚಿಯಲ್ಲಿ ಕೂತು, ಕ್ಲಿಪ್ಪುಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ತಲೆಯನ್ನು ಒಂದು ಕಡೆ ವಾಲಿಸಿ ತೀರ್ಪು ಕೊಡುತ್ತಿದ್ದಳು. ಅವನು ಬಂದದ್ದನ್ನು ಯಾರೂ ನೋಡಲಿಲ್ಲ. ತನ್ನ ಒಂದೂವರೆ ವರ್ಷ ನೀರುಪಾಲಾಗುವ ಸುದ್ದಿಯನ್ನು ಇವರಿಗೆ ಹೇಳಬೇಕು ಎಂದುಕೊಂಡು ಹೊಸ್ತಿಲಲ್ಲೇ ನಿಂತು ಸಂದು ಸಿಗಲೆಂದು ಕಾದ.

“ಇನ್ನೂ ಬಲಕ್ಕೆ, ಬಲಕ್ಕೆ—”

“ಬಲ ಅಂದ್ರೆ ನಿಮ್ಮ ಬಲಾನಾ ಅತ್ತಿಗೆ, ಇಲ್ಲಾ ನನ್ನ—”

“ನಿಂದು ಕಣೆ, ಸ್ಟೂಲ್ ಮೇಲಿರೋಳು ನೀನಲ್ವಾ, ಆದ್ರೆ ಈ ಬಟ್ಟೆ—” ಇದು ಅಮ್ಮ.

“ಗಿಡ್ಡ ಆಯ್ತು.”

“ಆಗಿದ್ದಲ್ಲ, ಒಗೆದ ಮೇಲೆ ಮುದುಡಿಕೊಂಡಿದ್ದು. ಅಂಗಡಿಯೋನು ಆಗಲೇ ಹೇಳಿದ್ದ—”

“ಹೇಳಿದ್ದ ಅನ್ನೋದನ್ನ ನೀನು ನಂಗೆ ಈಗ—”

“ಈಗ ಹೇಳ್ತಿದೀನಲ್ಲ. ಅತ್ತೆ, ಆ—”

ಹೆಂಡತಿ ಕೈ ಚಾಚುವಷ್ಟರಲ್ಲಿ ಅಮ್ಮ ಕ್ಲಿಪ್ಪನ್ನು ಮೇಲೆತ್ತಿಯಾಗಿತ್ತು.

ಅವನು ಅದನ್ನು ನೋಡಿದ. ಧ್ವನಿಯನ್ನಷ್ಟೇ ಕೇಳಿದ್ದರೆ ಆ ಸಂಭಾಷಣೆಗೆ ಅವನ ಬೆರಳು ಏನು ಮಾಡುತ್ತಿತ್ತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಾತು ಅರ್ಧಕ್ಕೆ ನಿಂತಾಗ ಯಾರ ಮುಖದಲ್ಲೂ ಏನನ್ನೋ ಕಳೆದುಕೊಂಡವರ ಕಳೆ ಇರಲಿಲ್ಲ. ಅಕ್ಕ ಬಿಟ್ಟ ವಾಕ್ಯದ ತುದಿ ಹೆಂಡತಿಯ ಬಾಯಲ್ಲಿತ್ತು, ಹೆಂಡತಿ ಬಿಟ್ಟದ್ದು ಅಮ್ಮನ ಕೈಯಲ್ಲಿತ್ತು. ನೆಲಕ್ಕೆ ಬಿದ್ದ ಮಾತು ಒಂದೂ ಇಲ್ಲ. ಸರಳು ನೇರವಾಯಿತು, ಪರದೆ ಏರಿತು, ಕಿಟಕಿಯ ಕೆಳಗಿನ ಒಂದು ಗೇಣು ಮಾತ್ರ ಬೆತ್ತಲಾಗಿ ಉಳಿದದ್ದಕ್ಕೆ ಮೂವರೂ ಒಟ್ಟಿಗೇ ನಕ್ಕರು. ಅಮ್ಮ ಹೀಗೆ ನಗುವುದನ್ನು ಎಷ್ಟೋ ಸಲ ನೋಡಿದ್ದರೂ, ಆ ನಗುವಿಗೆ ಮುಂಚೆ ಅವಳು ಎಷ್ಟು ಮಾತಾಡುತ್ತಾಳೆ ಎಂಬುದನ್ನು ಅವನು ಗಮನಿಸಿರಲಿಲ್ಲ; ಅಪ್ಪ ಹೋದ ಮೇಲೆ ಅಮ್ಮನಿಗೆ ವಾಚಾಳಿತನ ಬಂತು ಎಂದಷ್ಟೇ ಅಂದುಕೊಂಡಿದ್ದ. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

ಮೂವರೂ ನಿಲ್ಲಿಸಿದರು. ಅಕ್ಕನ ಕೈ ಸರಳಿನ ಮೇಲೆ ಹಾಗೇ ನಿಂತಿತು. ಹೆಂಡತಿ ಹಾಕಹೊರಟ ಕ್ಲಿಪ್ಪನ್ನು ಕೈಯಲ್ಲೇ ಹಿಡಿದುಕೊಂಡಳು. ಅಮ್ಮ ಡಬ್ಬಿಯ ಮುಚ್ಚಳ ಹಾಕಿ, ಕನ್ನಡಕ ಸರಿಮಾಡಿಕೊಂಡು ಅವನ ಕಡೆ ನೋಡಿದಳು. ಅಡುಗೆಮನೆಯ ನಲ್ಲಿಯಿಂದ ತೊಟ್ಟಿಕ್ಕುವ ನೀರು ಕೇಳಿಸಿತು. ಅವನು ಕಾಯುತ್ತಿದ್ದ ಸಂದು ಸಿಕ್ಕಿತ್ತು, ಒಂದು ಲಾರಿ ಹೋಗುವಷ್ಟು ಅಗಲವಾದ ಸಂದು, ಮತ್ತು ಅದರೊಳಗೆ ಕಾಲಿಡಲು ಅವನಿಗೆ ಭಯವಾಯಿತು. ಈ ಮೌನ ಅವನಿಗೆ ಪರಿಚಯದ್ದು. ಇದರ ಒಂದು ಬದಿಯನ್ನು ಮಾತ್ರ, ಊಟದ ತಟ್ಟೆಯ ಮುಂದೆ ಕೂತ ಹುಡುಗನ ಬದಿಯನ್ನು ಮಾತ್ರ, ಅವನು ಬಲ್ಲವನಾಗಿದ್ದ.

“ಏನಪ್ಪಾ?” ಎಂದಳು ಅಮ್ಮ.

“ಏನಿಲ್ಲ. ನೀವು ಮಾತಾಡಿ.”

“ಹೇಳಿ ರೀ,” ಎಂದಳು ಹೆಂಡತಿ, ನಗುತ್ತಲೇ. “ನೀವು ಹಾಗೆ ಗಂಟಲು ಸರಿಮಾಡಿಕೊಂಡ್ರೆ ನಂಗೆ ಪರೀಕ್ಷೆ ಹಾಲ್‌ಗೆ ಮೇಲ್ವಿಚಾರಕರು ಬಂದ ಹಾಗಾಗುತ್ತೆ. ಕಾಪಿ ಹೊಡೀದೆ ಇದ್ರೂ ಎದೆ ಡವಡವ.”

“ಅದು ಅಪ್ಪನ ಕೆಮ್ಮು ಕಣೆ,” ಎಂದಳು ಅಕ್ಕ. “ಇವನ ಪಾಲಿಗೆ ಅದೊಂದೇ ಬಂದಿದ್ದು.”

“ಸುಮ್ನಿರೆ,” ಎಂದಳು ಅಮ್ಮ, ಆದರೆ ತುಟಿಯ ಕೊನೆಯಲ್ಲಿ ನಗುವಿತ್ತು.

ನಾನು ಯಾವತ್ತು ನಿಮ್ಮ ಮಾತಿಗೆ ಅಡ್ಡ ಬಂದಿದೀನಿ ಎಂದು ಕೇಳಬೇಕೆನಿಸಿತು. ಕೇಳಿದರೆ, ಬಂದಿಲ್ಲ ಎಂದೇ ಅವರು ಹೇಳಬೇಕಿತ್ತು. ನಿಜವಾಗಿಯೂ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ಕಾಯುತ್ತಿದ್ದ, ಮುಖ ಸ್ವಲ್ಪ ಬಿಗಿದುಕೊಂಡು, ತಾನು ಕಾಯುತ್ತಿದ್ದೇನೆ ಎಂದು ಎಲ್ಲರಿಗೂ ಗೊತ್ತಾಗುವ ಹಾಗೆ, ಒಬ್ಬೊಬ್ಬರೇ ನಿಲ್ಲಿಸುತ್ತಿದ್ದರು. ಆಮೇಲೆ ತನ್ನ ವಾಕ್ಯವನ್ನು ತಲೆಯಿಂದ ಬಾಲದವರೆಗೆ ಹೇಳಿ ಮುಗಿಸುತ್ತಿದ್ದ. ಇದಕ್ಕೆ ಯಾವ ಬಣ್ಣದ ಕೀ? ಅವನ ಕಿವಿ ಬಿಸಿಯಾಯಿತು. ಮೂವರು ಹೆಂಗಸರು ಇನ್ನೂ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು, ಹೇಳಬೇಕಾದ್ದನ್ನು ಬಿಟ್ಟು ಬೇರೆ ಏನಾದರೂ. ಅವನು ಕಿಟಕಿಯ ಕಡೆ ಕೈ ತೋರಿಸಿದ.

“ಕೆಳಗೆ ಬೇರೆ ಬಣ್ಣದ್ದೊಂದು ಪಟ್ಟಿ—”

“ಹೊಲಿದ್ರೆ ಸಾಲಲ್ಲ ಕಣೋ, ಅಗಲ—” ಎಂದಳು ಅಕ್ಕ.

“ಅಗಲಕ್ಕೆ ನನ್ನ ಹಳೇ ನೀಲಿ ಬೆಡ್‌ಶೀಟ್ ಇದೆಯಲ್ಲ, ಅದರ—”

“ನೀಲಿ ಬೇಡ, ಆ—” ಎಂದ ಅವನು.

“ಹಳದಿ,” ಎಂದಳು ಅಮ್ಮ. “ಇವನು ಹೇಳ್ತಿರೋದು ಆ ಹಳದಿ ಬಟ್ಟೆ. ನನ್ನ ಪೆಟ್ಟಿಗೇಲಿದೆ.”

ಅವನು ಹೇಳಹೊರಟಿದ್ದು ಹಳದಿಯನ್ನೇ. ಅವನ ಮಾತಿನ ಬಾಲವನ್ನು ಅಮ್ಮ ಕಿತ್ತುಕೊಂಡಿದ್ದಳು, ತಲೆಯನ್ನು ಅಕ್ಕ ಆಗಲೇ ಒಯ್ದಿದ್ದಳು, ಅವನಿಗೆ ಮಾತ್ರ ಯಾರೋ ಬೆನ್ನಿನ ಮೇಲಿನ ಮೂಟೆಯನ್ನು ಕೇಳದೆಯೇ ಇಳಿಸಿಕೊಂಡ ಹಾಗಾಯಿತು. ಪಾದರಕ್ಷೆ ಬಿಟ್ಟು ಒಳಗೆ ಬಂದು ಅಕ್ಕ ಹಿಡಿದಿದ್ದ ಸರಳಿನ ತುದಿಯನ್ನು ತಾನು ಹಿಡಿದ. ಮೇಲೆ ಕೆಳಗೆ ಎಂದು ಬೈಸಿಕೊಂಡ. ಹೇಳಬೇಕೆಂದಿದ್ದ ಸುದ್ದಿ ಹೇಗೋ ಆ ಗದ್ದಲದಲ್ಲೇ ಚೂರುಚೂರಾಗಿ ಹೊರಬಿತ್ತು.

“ಇವತ್ತು ನನ್ನ ಗುರುತೆಲ್ಲ ಹೋಗುತ್ತೇನೋ, ಮೇಡಂ—”

“ಬೈದ್ರಾ?” ಅಕ್ಕ.

“ಬೈಲಿಲ್ಲ, ಹೆಗಲ ಮೇಲೆ—”

“ಕೈ ಇಟ್ರಾ? ಹಾಗಿದ್ರೆ ಹೋಯ್ತು ಅಂತಲೇ ಇಟ್ಕೋ. ನಾನೂ ಅಷ್ಟೇ, ಈ ಜನ್ಮದಲ್ಲಿ ಇವರಿಗೆ ಕಾರು ಬರಲ್ಲ ಅಂತ ಖಾತ್ರಿ ಆದ್ಮೇಲೇ ಹೆಗಲ ಮೇಲೆ ಕೈ ಇಡೋದು.”

“ನೀನು ಸ್ವಲ್ಪ—” ಅಮ್ಮ.

“ಯಾಕೆ ಹೋಗುತ್ತೆ? ಅಷ್ಟು ದಿನ ಕಿವಿ ನೋಯಿಸ್ಕೊಂಡು ಕೇಳಿದೀರಲ್ಲ,” ಎಂದಳು ಹೆಂಡತಿ. ಸ್ಟೂಲಿನಿಂದ ಇಳಿದು ಅವನ ಮುಖವನ್ನೇ ನೋಡಿದಳು, ಈ ಸಲ ಹಲ್ಲನ್ನಲ್ಲ. “ತಪ್ಪು ಯಾರದ್ದು, ಅವರದ್ದಾ?”

“ನಂದು,” ಎಂದ ಅವನು.

ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಈ ಮೌನಕ್ಕೆ ಮಾತ್ರ ಅವನು ಹೆದರಲಿಲ್ಲ. ಆಮೇಲೆ ಅಕ್ಕ, ತಪ್ಪು ಒಪ್ಪಿಕೊಂಡವನಿಗೆ ಹೊಟ್ಟೆ ತುಂಬ ಹಾಕಿ ಎಂದಳು. ಅಮ್ಮ, ಹಾಕ್ತಾರೆ ಮೊದಲು ಕೈ ತೊಳ್ಕೊಳ್ಳಲಿ ಎಂದಳು. ಹೆಂಡತಿ ತಟ್ಟೆ ತಂದಳು. ಊಟ ಮಾಡುವಾಗ ಅವನು ಬಹಳ ಮಾತಾಡಿದ. ಒಂದು ವಾಕ್ಯವನ್ನೂ ಪೂರ್ತಿ ಮಾಡಲಿಲ್ಲ.

ಅವನು ವಿಭಾಗಕ್ಕೆ ಮರಳಿದಾಗ ಮೇಡಂ ಅವರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಎರಡನೇ ಕಿವಿ ಆಗಲೇ ಬಂದು, ಕಾಲು ಒಂದರ ಮೇಲೊಂದು ಹಾಕಿ, ಬೆಳಗಿನ ಮಾತು ಸ್ವಲ್ಪ ಜಾಸ್ತಿಯಾಯಿತೇನೋ ಎಂಬ ಮುಖದಲ್ಲಿ ಕೂತಿದ್ದಳು. ಅವನು ಕುರ್ಚಿ ಎಳೆದುಕೊಳ್ಳುವ ಮೊದಲೇ ಅವಳು ಶುರುಮಾಡಿದಳು. “ಮೇಡಂ, ಆ ಕೋಣೆ ಮೈಕು ನಿಜವಾಗ್ಲೂ ಹಳೇದು. ಹೆಂಗಸರ ಜೋಡಿಗಳಲ್ಲಿ ಧ್ವನಿ ಸ್ವಲ್ಪ ಕಲಸಿಕೊಂಡಿದೆ. ಅವನ್ನ ಬಿಟ್ಟುಬಿಟ್ರೆ ಮಿಕ್ಕಿದ್ದು—” ಅವನು ದಾರಿಯುದ್ದಕ್ಕೂ ಜೋಡಿಸಿದ್ದ ಹೇಳಿಕೆಯೇ ಅದು, ಅವನಿಗಿಂತ ಚೆನ್ನಾಗಿ, ಅವನ ಪರವಾಗಿ, ಅವಳ ಬಾಯಿಂದ ಬರುತ್ತಿತ್ತು. ಮೇಡಂ ತಲೆದೂಗುತ್ತಲೂ ಇದ್ದರು. ಸುಮ್ಮನೆ ಕೂತರೆ ಸಾಕಿತ್ತು. ಸುಮ್ಮನೆ ಕೂರುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

“ಧ್ವನಿ ಚೆನ್ನಾಗೇ ಇದೆ ಮೇಡಂ,” ಎಂದ. “ಕಿವಿ ಸರಿ ಇರಲಿಲ್ಲ.”

ಎರಡನೇ ಕಿವಿ ಅವನ ಕಡೆ ತಿರುಗಿದಳು.

“ಓರಗಿತ್ತಿಯರದ್ದನ್ನ ತೆಗೆಯೋಣ ಅಂತೀಯಾ?” ಮೇಡಂ ಕೇಳಿದರು.

“ಎಲ್ಲ ತೆಗೀರಿ. ಗಂಡ ಹೆಂಡತಿ ಜೋಡಿಗಳೂ ಬೇಡ. ಅಲ್ಲಿ ಹೊಂದಿಕೆ ಆಗಿರೋದು ನಂಗೆ ಮೊದಲೇ ಏನು ಸಿಗಬೇಕು ಅಂತ ಗೊತ್ತಿದ್ದಿದ್ರಿಂದ ಇರಬಹುದು. ಸುಮ್ಮನಿದ್ದ ಗಂಡಂದಿರನ್ನೆಲ್ಲ ನಾನು ಒಳ್ಳೆಯವರು ಅಂತ ಬಿಟ್ಟಿದೀನಿ. ಅವರು ಯಾಕೆ ಸುಮ್ಮನಿದ್ರು, ಅವರು ಸುಮ್ಮನಾದಾಗ ಹೆಂಡತಿ ಏನಾದ್ಲು, ಅದನ್ನ ಕೇಳೇ ಇಲ್ಲ.”

“ಮತ್ತೆ ಮೊದಲಿಂದ ಕೇಳ್ತೀಯಾ?”

“ಈಗ ಕೇಳಿದ್ರೆ ಇವರ ಕಿವಿಯಿಂದ ಕೇಳಿದ ಹಾಗಾಗುತ್ತೆ. ಬೇರೆ ಯಾರಾದ್ರೂ ಬರಬೇಕು.”

ಹೇಳಿ ಮುಗಿದ ಮೇಲೆ, ಕಳೆದುಕೊಂಡದ್ದು ಎಷ್ಟು ಎಂದು ಅವನಿಗೆ ಗೊತ್ತಾಯಿತು; ಮೆಟ್ಟಿಲಿದೆ ಎಂದು ಇಟ್ಟ ಕಾಲಿಗೆ ಮೆಟ್ಟಿಲು ಸಿಗದಿದ್ದಂತೆ. ಮೊದಲನೇ ಕಿವಿ ಇನ್ನು ಅವನಲ್ಲ. ಮೇಡಂ ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತ, ಅದು ಅಂಚಿಗೆ ಹೋಗುವುದನ್ನೂ ತಾವೇ ತಡೆದು ಹಿಂದಕ್ಕೆ ತರುವುದನ್ನೂ ನೋಡುತ್ತ ಕೂತರು. ಆಮೇಲೆ ಅವರ ಮುಖದ ಮೇಲೆ ನಗು ಹರಡಿತು. ಯಾರಿಗೋ ಕೆಲಸ ಹಚ್ಚುವ ಮುಂಚಿನ ನಗು ಅದೆಂದು ವಿಭಾಗದ ಎಲ್ಲರಿಗೂ ಗೊತ್ತಿತ್ತು.

“ಲೆಕ್ಕಕ್ಕೆ ತಗೊಳ್ಳಲ್ಲ, ಸರಿ. ಹಾಗಂತ ಬಿಸಾಕೋದೂ ಇಲ್ಲ,” ಎಂದರು. “ಗಂಡಸರು ಮಾತಾಡೋ ರೀತಿ ಹುಡುಕ್ಕೊಂಡು ಹೊರಟ್ವಿ. ಕೇಳೋ ರೀತಿ ನಮ್ಮ ಪಕ್ಕದ ಕೋಣೇಲೇ ಕೂತಿತ್ತು. ಅದರ ಮೇಲೊಂದು ಅಧ್ಯಾಯ ಬೇಕು. ಬರೆದ್ರೆ ನೀನೇ ಬರೀಬೇಕು, ನಿನ್ನ ಕಿವಿ ಬಗ್ಗೆ, ನಿನ್ನ ಹೆಸರು ಹಾಕಿ. ಮುಚ್ಚಿಡೋಕಾಗಲ್ಲ ಕಣಪ್ಪ. ಓದಿದೋರು ನಗ್ತಾರೆ, ಸೆಮಿನಾರಲ್ಲಿ ಎದುರಿಗೇ ಕೂತು ನಗ್ತಾರೆ. ಅದಕ್ಕೇ ಅವಸರ ಬೇಡ. ನಾಲ್ಕು ದಿನ ಯೋಚನೆ ಮಾಡು, ಮನೇಲಿ ಕೇಳು, ಬೇಡ ಅನಿಸಿದ್ರೆ ಸಂಕೋಚ ಪಡದೆ ನಂಗೆ ಬಂದು—”

“ಬರೀತೀನಿ,” ಎಂದ ಅವನು.

ಮಾತು ಮೇಡಂ ಅವರ ಮಾತಿನ ಮೇಲೆ ನೇರವಾಗಿ ಬಿದ್ದಿತ್ತು. ಅವನಿಗೇ ಆಶ್ಚರ್ಯವಾಯಿತು. ಎರಡನೇ ಕಿವಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಡಂ ತೆರೆದ ಬಾಯನ್ನು ಹಾಗೇ ಇಟ್ಟುಕೊಂಡು ಅವನನ್ನು ನೋಡಿ, ಕುರ್ಚಿಗೆ ಒರಗಿ, ಮೇಜು ಅಲುಗುವ ಹಾಗೆ ನಕ್ಕರು. “ಇಷ್ಟು ದಿನಕ್ಕೆ ಇದೇ ಮೊದಲನೇ ಸಲ—” ಎಂದು ಮೇಡಂ ಶುರುಮಾಡಿದರು. “ನಾನು ಸಾಕ್ಷಿ, ಆದ್ರೆ ಇದಕ್ಕೆ ಯಾವ ಗುರುತು ಹಾಕೋದು—” ಎಂದಳು ಎರಡನೇ ಕಿವಿ. “ಅದನ್ನ ಹೊಸಬರು ಬಂದು ಹೇಳಲಿ, ಹೊಸಬರು ಅಂದ್ರೆ ಮೇಡಂ—” ಎಂದ ಅವನು. ಹೊಸ ಕಿವಿಗೆ ಯಾರನ್ನು ತರುವುದು, ಇಬ್ಬರು ಗಂಡಸರಿಗೆ ಕೇಳಿಸಿದರೆ ಹೇಗೆ, ಒಬ್ಬ ಅಜ್ಜಿಗೆ ಕೇಳಿಸಿದರೆ ಹೇಗೆ, ಅಧ್ಯಾಯ ಎಲ್ಲಿಂದ ಶುರುವಾಗಬೇಕು, ಶುರುವಾಗುವುದಕ್ಕೆ ಮುಂಚೆ ಚಹಾ ಬೇಡವೆ ಎಂದು ಮೂವರೂ ಒಟ್ಟಿಗೇ ಹೇಳತೊಡಗಿದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದರು, ಹಿಡಿಯಲಾಗದ್ದು ತಿರುಗಿ ಬಂದು ಮೊದಲಿನವರ ಕೈಗೇ ಸಿಕ್ಕಿತು. ತನ್ನ ಧ್ವನಿ ಇಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮೇಡಂ ಅವರ ಮುಂದಿನ ತರಗತಿಗೆ ಹೊತ್ತಾಯಿತೆಂದು ಹೇಳಲು ಬಂದ ಅಟೆಂಡರ್ ಬಾಗಿಲಲ್ಲಿ ನಿಂತು, ಅವರ ಮಾತಿನ ನಡುವೆ ಸಂದು ಸಿಗಲೆಂದು ಕಾದ. ಸಿಗಲಿಲ್ಲ. ಆ ಕಾಲಿನ ಭಾರವನ್ನು ಈ ಕಾಲಿಗೆ ಹಾಕಿ ಇನ್ನಷ್ಟು ಕಾದ. ಕೊನೆಗೆ ಬೇಸತ್ತು ಅವನೂ ಮಾತಾಡತೊಡಗಿದ.